ಇಂಗಿನ ಪರೀಕ್ಷೆ

ಕೇಶವಮೂರ್ತಿ ಅಂಕಲ್ ಮನೆಗೆ ಫುಟ್‌ಬಾಲ್ ನೋಡಲು ಹೋದವರು ಆ ವರ್ಷ ಮೊದಲು ಇಂಗು ಮೂಸಬೇಕಿತ್ತು.

ಅದು ಹುಟ್ಟಿದ್ದು ತಮಾಷೆಯಲ್ಲಿ. 2020ರ ಆಗಸ್ಟ್ ಕೊನೆ, ಕೊರೋನಾ ಕಾಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಇಲ್ಲಿನ ಕಾಲೇಜು ಫುಟ್‌ಬಾಲ್ ಈ ಸಲ ನಡೆಯುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಬೆಳಿಗ್ಗೆ ನಡೆಯುತ್ತದೆ ಎಂದವರೇ ಸಂಜೆ ಮುಂದಕ್ಕೆ ಹಾಕಿದ್ದೇವೆ ಎನ್ನುತ್ತಿದ್ದರು. ‘ಶನಿವಾರದ ಸೇವೆ’ ಎಂಬ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಇದ್ದದ್ದು ನಾಲ್ಕೇ ಜನ. ಕೇಶವಮೂರ್ತಿ ಅಂಕಲ್‌ಗೆ ಎಪ್ಪತ್ತೊಂದು ವರ್ಷ, ಸರ್ಕಾರಿ ಲ್ಯಾಬಿನಲ್ಲಿ ರಸಾಯನ ವಿಜ್ಞಾನಿಯಾಗಿದ್ದು ನಿವೃತ್ತರಾದವರು, ಮನೆ ಫೇರ್‌ಫ್ಯಾಕ್ಸ್‌ನಲ್ಲಿ. ದಕ್ಷಿಣ ಕೆರೊಲಿನಾದ ಒಂದು ಯೂನಿವರ್ಸಿಟಿಗೆ ಪಿಎಚ್‌ಡಿಗೆಂದು 1973ರಲ್ಲಿ ಬಂದು ಅಲ್ಲಿನ ಫುಟ್‌ಬಾಲ್ ಹುಚ್ಚು ಹತ್ತಿಸಿಕೊಂಡವರು. ಅದೇ ಯೂನಿವರ್ಸಿಟಿಯಲ್ಲಿ ಸುಮಾರು ಐವತ್ತು ವರ್ಷದ ನಂತರ ಸಂಖ್ಯಾಶಾಸ್ತ್ರ ಓದಿದವಳು ನಾನು. ಹಳೆಯ ವಿದ್ಯಾರ್ಥಿಗಳ ಪಟ್ಟಿಯಲ್ಲಿ ‘ಹರಿಣಿ’ ಎಂಬ ಹೆಸರು ನೋಡಿ ಅವರೇ ಫೋನ್ ಮಾಡಿದ್ದರು. ಪ್ರತಾಪ್ ಓದಿದ್ದು ಅಟ್ಲಾಂಟಾದಲ್ಲಿ, ಹಾಗಾಗಿ ಶತ್ರುಪಕ್ಷದವನು. ಕ್ಲಾರ್ಕ್ಸ್‌ಬರ್ಗ್‌ನಿಂದ ನದಿ ದಾಟಿ ಬಂದು ನಮ್ಮ ಟೀಮನ್ನು ಬೈದು ಹೋಗುತ್ತಿದ್ದ. ನಾಲ್ಕನೆಯವರು ಸತ್ಯಪ್ರಕಾಶ, ನಮಗೆಲ್ಲ ಸತ್ಯಣ್ಣ. ಓದಿದ್ದು ಮೈಸೂರಿನಲ್ಲಿ, ಇಲ್ಲಿನ ಯಾವ ಕಾಲೇಜಿಗೂ ಸೇರಿದವರಲ್ಲ. ಹೆದರಿಕೊಳ್ಳಲು ಇನ್ನೊಂದು ಕಾರಣ ಬೇಕಾಗಿತ್ತೋ ಏನೋ, ನಮ್ಮ ಟೀಮನ್ನು ಆರಿಸಿಕೊಂಡಿದ್ದರು.

ಹಣೆಗೆ ಹಿಡಿಯುವ ಥರ್ಮಾಮೀಟರ್ ತಂದಿದ್ದೇನೆ ಎಂದು ಸತ್ಯಣ್ಣ ಗುಂಪಿನಲ್ಲಿ ಫೋಟೋ ಹಾಕಿದರು. ಅದಕ್ಕೆ ಪ್ರತಾಪ್ ಬರೆದ: “ಜ್ವರ ಲೇಟಾಗಿ ಬರತ್ತೆ, ಫಸ್ಟ್ ಹೋಗೋದು ವಾಸನೆ. ಅಂಕಲ್, ನೀವು ಇಂಗಿನ ಡಬ್ಬಿ ಹಿಡ್ಕೊಂಡು ಗೇಟಲ್ಲಿ ನಿಂತ್ಕೊಳಿ. ವಾಸನೆ ಬಂದೋರು ಒಳಗೆ, ಬರದೇ ಇರೋರು ಸೀದಾ ಮನೆಗೆ.”

ನಾವು ನಗುವ ಮುಖಗಳನ್ನು ಕಳಿಸಿದೆವು. ಅಂಕಲ್ ನಗಲಿಲ್ಲ. ಸೆಪ್ಟೆಂಬರಿನ ಮೊದಲ ಆಟದ ದಿನ ನಾವು ಹೋದಾಗ ಗ್ಯಾರೇಜಿನ ಮುಂದಿನ ಡ್ರೈವ್‌ವೇಯ ತುದಿಯಲ್ಲಿ ಹಳದಿ ಪ್ಲಾಸ್ಟಿಕ್ ಡಬ್ಬಿ ಹಿಡಿದು ನಿಂತಿದ್ದರು.

“ಆಟಗಾರರಿಗೆ ವಾರಕ್ಕೆ ಮೂರು ಟೆಸ್ಟ್, ನಮಗೆ ಇಂಗು,” ಎಂದ ಪ್ರತಾಪ್.

“ನಿಮ್ಮ ಆಟಗಾರರ ಟೆಸ್ಟ್ ಮೇಲೆ ನಂಗೆ ನಂಬಿಕೆ ಇಲ್ಲ. ಮೂಸು,” ಎಂದರು ಅಂಕಲ್.

ಅವರು ಯಾಕೆ ನಗಲಿಲ್ಲ ಎನ್ನುವುದು ನಮಗೆ ಗೊತ್ತಿತ್ತು. ಅಲಮೇಲು ಆಂಟಿಗೆ ಎರಡು ವರ್ಷದ ಹಿಂದೆ ಮೂತ್ರಪಿಂಡದ ಕಸಿಯಾಗಿತ್ತು. ತಂಗಿ ಜಾನಕಿ ಮೈಸೂರಿನಿಂದ ಬಂದು ತಮ್ಮದೊಂದನ್ನು ಕೊಟ್ಟು ಹೋಗಿದ್ದರು. ಆ ಮೂತ್ರಪಿಂಡವನ್ನು ದೇಹ ಹೊರಗಿನದೆಂದು ತಿಳಿದು ಕೊಲ್ಲದಿರಲಿ ಎಂದು ಕೊಡುವ ಮಾತ್ರೆಗಳು ದೇಹದ ಕಾವಲನ್ನೇ ಮಲಗಿಸಿಬಿಡುತ್ತವೆ. ಸಾಮಾನ್ಯ ನೆಗಡಿಯೂ ಅವರಿಗೆ ಸಾಮಾನ್ಯವಲ್ಲ. ಮಾರ್ಚ್‌ನಿಂದ ಆ ಮನೆಯ ಹೊಸಿಲನ್ನು ಯಾರೂ ದಾಟಿರಲಿಲ್ಲ. ಕೊನೆಗೆ ಆಂಟಿಯೇ, “ಇವರು ಒಬ್ರೇ ಕೂತು ಟಿವಿ ಜೊತೆ ಜಗಳ ಆಡ್ತಾರೆ, ನನ್ ಕೈಲಿ ಕೇಳಕ್ಕಾಗಲ್ಲ, ಹೊರಗಡೆ ಕೂತು ನೋಡ್ಕೊಳಿ,” ಎಂದು ಅಪ್ಪಣೆ ಕೊಟ್ಟಿದ್ದರು. ಗ್ಯಾರೇಜಿನ ಬಾಗಿಲಲ್ಲಿ ಮೇಜು, ಮೇಜಿನ ಮೇಲೆ ಟಿವಿ, ಡ್ರೈವ್‌ವೇಯಲ್ಲಿ ಹತ್ತಡಿಗೊಂದು ಕುರ್ಚಿ. ಆಂಟಿ ಒಳಗೆ, ಅಡುಗೆಮನೆಯ ಮುಚ್ಚಿದ ಕಿಟಕಿಯ ಹಿಂದೆ.

ಕಿಟಕಿಗೆ ಹತ್ತಿರದ ಕುರ್ಚಿ ನನ್ನದು. ಆಂಟಿಗೆ ಫುಟ್‌ಬಾಲ್ ಬೇಕಿರಲಿಲ್ಲ. ಬೀನ್ಸ್ ಸೋಸುತ್ತಲೋ ಸುಮ್ಮನೆ ಕೈ ಕಟ್ಟಿಕೊಂಡೋ ಕೂತಿರುತ್ತಿದ್ದರು. ಒಮ್ಮೊಮ್ಮೆ ನಾನು ತಿರುಗಿ ನೋಡುತ್ತಿದ್ದೆ, ಅವರೂ ನೋಡುತ್ತಿದ್ದರು. ಗಾಜಿನಿಂದಾಗಿ ಮಾತಾಡಬೇಕಾದ ಕಷ್ಟ ಇಬ್ಬರಿಗೂ ಇರಲಿಲ್ಲ. ಮೇ ತಿಂಗಳಲ್ಲಿ ನನ್ನ ಪದವಿ ಸಮಾರಂಭ ಲ್ಯಾಪ್‌ಟಾಪಿನಲ್ಲಿ ಮುಗಿದು, ಸಿಕ್ಕಿದ್ದ ಕೆಲಸ ಮುಂದಕ್ಕೆ ಹೋಗಿ, ಆಲ್ಡಿ ಎಂಬ ಊರಿನಲ್ಲಿ ಶ್ರಾವಣಿ ಎಂಬುವರ ಮನೆಯ ಬೇಸ್‌ಮೆಂಟಿನಲ್ಲಿ ಬಾಡಿಗೆಗಿದ್ದ ದಿನಗಳು ಅವು. ಇಡೀ ವಾರದಲ್ಲಿ ನನ್ನನ್ನು ಯಾರಾದರೂ ಸರಿಯಾಗಿ ನೋಡಿದ್ದರೆ ಅದು ಆ ಕಿಟಕಿಯಿಂದ.

ಅಕ್ಟೋಬರಿನ ಆ ಶನಿವಾರ ನಮ್ಮ ಟೀಮಿಗೂ ಪ್ರತಾಪನ ಟೀಮಿಗೂ ಆಟ. ಮಧ್ಯಾಹ್ನ ಮೂರೂವರೆಗೆ ಶುರು.

ಬೆಳಿಗ್ಗೆ ಎದ್ದಾಗಲೇ ಮೂಗು ಕಟ್ಟಿತ್ತು. ಈ ಕಡೆ ಶರತ್ಕಾಲದಲ್ಲಿ ಪರಾಗದ ಅಲರ್ಜಿಯಿಂದ ನನಗೆ ಪ್ರತಿ ವರ್ಷವೂ ಹಾಗಾಗುತ್ತದೆ. ಸೋಪಿನ ವಾಸನೆ ಬರಲಿಲ್ಲ ಎಂದು ಹೊಳೆದದ್ದು ಸ್ನಾನ ಮುಗಿದ ಮೇಲೆ, ಆಗ ಮತ್ತೆ ಹೋಗಿ ಮೂಸಿ ನೋಡುವುದು ಹುಚ್ಚುತನ ಎನ್ನಿಸಿತು. ಶ್ರಾವಣಿಯ ಮಗುವಿಗೆ ವಾರದ ನಡುವೆ ನೆಗಡಿಯಾಗಿತ್ತು, ಅದು ನೆನಪಾಯಿತು. ಮಕ್ಕಳಿಗೆ ನೆಗಡಿ ಯಾವಾಗಲೂ ಇರುತ್ತದೆ, ಅದೂ ನೆನಪಾಯಿತು. ಶ್ರಾವಣಿ, “ಅಲಮೇಲು ಆಂಟಿಗೆ ಕೊಡು,” ಎಂದು ಕುಂಡದಿಂದ ಕಿತ್ತ ಕರಿಬೇವಿನ ಕಟ್ಟು ಕೊಟ್ಟರು. ಕಾರಿನಲ್ಲಿಟ್ಟುಕೊಂಡು ಹೊರಟೆ.

ಅಂಕಲ್ ಡಬ್ಬಿಯ ಮುಚ್ಚಳ ತೆಗೆದು ನನ್ನ ಕೈಗೆ ಕೊಟ್ಟರು. ನಾನು ಮಾಸ್ಕ್ ಇಳಿಸಿ ಮೂಸಿದೆ. ಒಳಗೆ ಹಳದಿ ಪುಡಿ ಕಂಡಿತು. ಅದನ್ನು ನೋಡಿದ್ದೇ ತಡ ಬಿಸಿ ಎಣ್ಣೆ, ಸಾಸಿವೆ, ಸಾರಿನ ಪಾತ್ರೆಯ ಮೇಲೆ ಚುರ್ ಎನ್ನುವ ಒಗ್ಗರಣೆ ಎಲ್ಲ ತಲೆಯೊಳಗೆ ಬಂದವು. ವಾಸನೆ ಬಂತೋ, ವಾಸನೆಯ ನೆನಪು ಬಂತೋ ತಿಳಿಯಲಿಲ್ಲ.

“ಬಂತಾ?”

“ಬಂತು ಅಂಕಲ್.”

“ಗುಡ್. ಕೂತ್ಕೋ. ಇವತ್ತು ಪ್ರತಾಪನ್ನ ಅಳಿಸಿ ಕಳಿಸ್ಬೇಕು.”

ಪ್ರತಾಪ್ ಬಂದು ಮೂಸಿ, “ಆಹಾ, ನಮ್ಮಜ್ಜಿ ಕಂಡಹಾಗಾಯ್ತು,” ಎಂದು ಹೋಗಿ ಕೂತ. ಸತ್ಯಣ್ಣ ಎರಡು ಮಾಸ್ಕುಗಳನ್ನೂ ಕ್ಷಣ ಮಾತ್ರ ಕೆಳಗೆ ಎಳೆದು, “ಬಂತು ಬಂತು,” ಎಂದು ಮತ್ತೆ ಮುಚ್ಚಿಕೊಂಡರು.

ಆಟ ಶುರುವಾಯಿತು. ಸ್ಟೇಡಿಯಂನಲ್ಲಿ ಐದರಲ್ಲೊಂದು ಪಾಲು ಜನ. ಉಳಿದ ಕಡೆ ಅಲ್ಲಲ್ಲಿ ರಟ್ಟಿನಲ್ಲಿ ಕತ್ತರಿಸಿದ ಮನುಷ್ಯರು.

“ನಂದೂ ಒಂದು ಅಲ್ಲಿದೆ, ಎಡಗಡೆ ಮೂಲೇಲಿ,” ಎಂದರು ಅಂಕಲ್. “ಫೋಟೋ ಕಳಿಸಿದ್ರೆ ಅವರೇ ಮಾಡಿ ನಿಲ್ಲಿಸ್ತಾರೆ.”

“ಅದಕ್ಕೆ ಇಂಗು ಮೂಸಿಸಿದ್ರಾ ಅಂಕಲ್?” ಎಂದ ಪ್ರತಾಪ್.

“ಅದು ನಿನ್ನ ಹಾಗೆ ಬಾಯಿ ತೆಗೆಯಲ್ಲವಲ್ಲಪ್ಪ. ಸೇಫ್.”

ಜನ ಕಡಿಮೆಯೆಂದು ಧ್ವನಿವರ್ಧಕದಲ್ಲಿ ಗದ್ದಲ ಹಾಕಿದ್ದರು. ನನಗೆ ಅದೇ ತಳಮಳ. ಬೇರೆ ವರ್ಷಗಳಲ್ಲಾದರೆ ನಮ್ಮ ಈ ಸ್ಟೇಡಿಯಂನಲ್ಲಿ ನಮ್ಮವರ ಕೈಯಲ್ಲಿ ಚೆಂಡಿದ್ದಾಗ ಎಂಬತ್ತು ಸಾವಿರ ಜನ ಬಾಯಿ ಮುಚ್ಚುತ್ತಾರೆ, ನಮ್ಮ ಹುಡುಗ ಕೂಗುವ ಸೂಚನೆ ಅವನ ಜೊತೆಗಾರರಿಗೆ ಕೇಳಿಸಲಿ ಎಂದು. ನಾನು ಫುಟ್‌ಬಾಲಿಗೆ ಮನಸೋತದ್ದು ಆ ನಿಶ್ಶಬ್ದಕ್ಕೆ. ಈ ಯಂತ್ರದ ಗದ್ದಲಕ್ಕೆ ಯಾವಾಗ ಸುಮ್ಮನಾಗಬೇಕೆಂದು ಗೊತ್ತಿರಲಿಲ್ಲ. ನಮ್ಮವರು ಚೆಂಡು ಹಿಡಿದಾಗಲೂ ಒಂದೇ ಸಮ ಮೊರೆಯುತ್ತಿತ್ತು.

“ನೋಡಿ ನೋಡಿ, ನಿಮ್ಮ ಡಿಫೆನ್ಸ್,” ಪ್ರತಾಪ್ ಎದ್ದು ನಿಂತ. “ಪಕ್ಕದಲ್ಲೇ ಓಡಿಹೋದ್ರೂ ಮುಟ್ಟಲ್ಲ! ಸಿಕ್ಸ್ ಫೀಟ್ ಡಿಸ್ಟೆನ್ಸ್ ಮೇಂಟೇನ್ ಮಾಡ್ತಿದಾರೆ.”

“ನಮ್ಮೋರು ಗೈಡ್‌ಲೈನ್ಸ್ ಫಾಲೋ ಮಾಡೋ ಮರ್ಯಾದಸ್ಥರು ಕಣೋ,” ಎಂದರು ಅಂಕಲ್.

“ತಮಾಷೆ ಸಾಕು,” ಎಂದರು ಸತ್ಯಣ್ಣ ಫೋನಿನಿಂದ ತಲೆಯೆತ್ತದೆ. “ಮುಂದಿನ ವಾರದ ಎದುರಾಳಿ ಟೀಮಲ್ಲಿ ಹನ್ನೊಂದು ಜನಕ್ಕೆ ಪಾಸಿಟಿವ್ ಅಂತೆ. ಆಟ ನಡೆಯಲ್ಲ ಅನ್ಸತ್ತೆ.”

“ಹನ್ನೊಂದು ಜನ ಅಂದ್ರೆ ಒಂದು ಫುಲ್ ಟೀಮ್. ಪಾಸಿಟಿವ್‌ದು ಒಂದು, ನೆಗೆಟಿವ್‌ದು ಒಂದು, ಅವರವರೇ ಆಡ್ಕೊಳ್ಳಲಿ,” ಎಂದ ಪ್ರತಾಪ್.

ಎಲ್ಲರೂ ನಕ್ಕೆವು. ನಗು ನಿಂತ ಮೇಲೆ ಯಾರೂ ಯಾರನ್ನೂ ನೋಡಲಿಲ್ಲ. ಆ ತಿಂಗಳುಗಳಲ್ಲಿ ನಮ್ಮ ನಗು ಹಾಗೇ ಮುಗಿಯುತ್ತಿತ್ತು.

ಅಂಕಲ್ ಒಳಗೆ ಹೋಗಿ ಆಂಟಿ ಮಾಡಿಟ್ಟ ಕಾಫಿಯನ್ನು ಪೇಪರ್ ಕಪ್ಪುಗಳಲ್ಲಿ ತಂದರು. ನಾನು ಕಪ್ಪನ್ನು ಮೂಗಿನ ಹತ್ತಿರ ಹಿಡಿದೆ. ಹಬೆ ತಾಗಿತು. ಬಿಸಿ ಗೊತ್ತಾಯಿತು. ಇನ್ನೇನೂ ಗೊತ್ತಾಗಲಿಲ್ಲ. ಕುಡಿದೆ. ಬಿಸಿನೀರಿಗೆ ಸಕ್ಕರೆ ಹಾಕಿದಂತಿತ್ತು. ಗಾಳಿ ಆ ಕಡೆಗೆ ಬೀಸುತ್ತಿದೆಯೇನೋ ಎಂದುಕೊಂಡೆ. ಮೂಗು ಕಟ್ಟಿದ್ದರೆ ಯಾರಿಗಾದರೂ ಹೀಗೇ ಎಂದುಕೊಂಡೆ. ಕಿಟಕಿಯಲ್ಲಿ ಆಂಟಿ ಹುಬ್ಬೇರಿಸಿ, ಕಾಫಿ ಹೇಗಿದೆ ಎಂದು ಕೇಳಿದರು. ನಾನು ಹೆಬ್ಬೆರಳೆತ್ತಿ ಚೆನ್ನಾಗಿದೆ ಎಂದೆ. ಒಂದು ಗಂಟೆಯೊಳಗೆ ಅದು ನನ್ನ ಎರಡನೆಯ ಸುಳ್ಳು. ಸುಳ್ಳೋ ಅಲ್ಲವೋ, ಅದೂ ನನಗೆ ಖಚಿತವಿರಲಿಲ್ಲ.

ಅರ್ಧ ಆಟ ಮುಗಿದಾಗ ಹದಿನಾಲ್ಕು–ಹತ್ತು, ನಮ್ಮದು ಮೇಲುಗೈ. ನಾನು ಎದ್ದು ಬೀದಿಯಲ್ಲಿ ನಿಲ್ಲಿಸಿದ್ದ ಕಾರಿಗೆ ಹೋದೆ. ಸ್ಯಾನಿಟೈಸರ್ ಕೈಗೆ ಹಾಕಿಕೊಂಡು ಮೂಸಿದೆ. ತಣ್ಣಗಿತ್ತು, ಅಷ್ಟೇ. ಸೀಟಿನ ಮೇಲೆ ಕರಿಬೇವಿತ್ತು, ಕೊಡಲು ಮರೆತಿದ್ದೆ. ನಾಲ್ಕೆಲೆ ಕಿತ್ತು ಅಂಗೈಯಲ್ಲಿ ಉಜ್ಜಿ ಮುಖಕ್ಕೆ ಹಿಡಿದೆ. ಕೈ ಹಸಿರಾಯಿತು.

“ಹೊರಟ್ಯೇನಮ್ಮ? ಇನ್ನೂ ಹಾಫ್ ಟೈಮ್ ಅಷ್ಟೇ.” ಸತ್ಯಣ್ಣ ತಮ್ಮ ಕಾರಿನಿಂದ ಸ್ವೆಟರ್ ತೆಗೆದುಕೊಳ್ಳಲು ಬಂದಿದ್ದರು.

“ಸತ್ಯಣ್ಣ, ಹತ್ರ ಬರ್ಬೇಡಿ. ನಂಗೆ ಕರಿಬೇವಿನ ವಾಸನೆ ಬರ್ತಿಲ್ಲ.”

ಅವರು ಎರಡು ಹೆಜ್ಜೆ ಹಿಂದೆ ಹೋದರು. ಆಮೇಲೆ ಇನ್ನೊಂದು ಹೆಜ್ಜೆ.

“ಮತ್ತೆ ಇಂಗು ಬಂತು ಅಂದ್ಯಲ್ಲ?”

“ಬಂತು ಅನ್ನಿಸ್ತು.”

“ಅನ್ನಿಸ್ತು ಅಂದ್ರೆ ಏನು?”

“ಅದೇ ಗೊತ್ತಾಗ್ತಿಲ್ಲ. ನಿಮಗೆ ಸರಿಯಾಗಿ ಬಂತಾ?”

ಸತ್ಯಣ್ಣ ರಸ್ತೆಯ ಆಚೆ ನೋಡಿದರು. ಎದುರು ಮನೆಯವರು ಎಲೆ ಗುಡಿಸುತ್ತಿದ್ದರು. “ನಾನು ಮೂಸೋದೇ ಇಲ್ಲಮ್ಮ,” ಎಂದರು ಮೆಲ್ಲಗೆ. “ಎಲ್ಲರೂ ಮೂಗಿಟ್ಟಿರೋ ಡಬ್ಬಿ ಅದು. ಮಾಸ್ಕ್ ಇಳಿಸ್ತೀನಿ, ಉಸಿರು ಹಿಡ್ಕೋತೀನಿ, ಬಂತು ಅಂತೀನಿ. ಫಸ್ಟ್ ವಾರದಿಂದ ಹಂಗೇ.”

“ಏನು ಇಬ್ರೂ ಗುಟ್ಟು?” ಪ್ರತಾಪ್ ಹುಲ್ಲಿನ ಮೇಲೆ ನಡೆದು ಬಂದ. “ನಮ್ಮ ಟೀಮ್ ಸೇರೋ ಪ್ಲಾನಾ?”

ಸತ್ಯಣ್ಣ ಹೇಳಿದರು. ಪ್ರತಾಪ್ ಮೊದಲು ನಕ್ಕ. ಆಮೇಲೆ ಕ್ಯಾಪ್ ತೆಗೆದು ತಲೆ ಕೆರೆದುಕೊಂಡ.

“ನನ್ನ ಲೆಕ್ಕಕ್ಕೆ ತಗೋಬೇಡಿ. ನಂಗೆ 2012ರಲ್ಲಿ ಸೈನಸ್ ಆಪರೇಷನ್ ಆಯ್ತಲ್ಲ, ಅವತ್ತಿಂದ ಮೂಗು ಬರೀ ಶೋಗೆ. ಹಾಲು ಒಡೆದಿದ್ಯಾ ಅಂತ ನನ್ನ ಹೆಂಡ್ತಿ ಭಾವನಾ ನನ್ನ ಕೇಳೋದೇ ಇಲ್ಲ.”

“ಇಂಗಿನ ಐಡಿಯಾ ಕೊಟ್ಟೋನೇ ನೀನು ಕಣಯ್ಯ!” ಸತ್ಯಣ್ಣನ ದನಿ ಏರಿತು.

“ಜೋಕ್ ಸತ್ಯಣ್ಣ ಅದು! ಈ ಮನುಷ್ಯ ನಿಜವಾಗ್ಲೂ ಡಬ್ಬಿ ಹಿಡ್ಕೊಂಡು ನಿಂತ್ಬಿಡ್ತಾರೆ ಅಂತ ನಂಗೇನು ಗೊತ್ತು? ಅವತ್ತು ಅವರ ಮುಖ ನೋಡಿದ್ರಾ? ಬರಲ್ಲ ಅಂದಿದ್ರೆ ಇಡೀ ಸೀಸನ್ ಕ್ಯಾನ್ಸಲ್ ಮಾಡ್ತಿದ್ರು.”

ಆರು ಶನಿವಾರ, ಮೂವರು, ಹದಿನೆಂಟು ಪರೀಕ್ಷೆ. ಸಂಖ್ಯಾಶಾಸ್ತ್ರದಲ್ಲಿ ಇಂಥದ್ದಕ್ಕೆ ಒಂದು ಹೆಸರಿರಬೇಕು. ನನಗೆ ನೆನಪಾಗಲಿಲ್ಲ. ನಾವು ಮೂವರೂ ಮನೆಯ ಕಡೆ ನೋಡುತ್ತಿದ್ದೆವು. ಅಂಕಲ್ ಜಾಲರಿ ಬಾಗಿಲು ತಳ್ಳಿಕೊಂಡು ಒಳಗೆ ಹೋದರು, ಖಾರದ ಅವಲಕ್ಕಿಯ ಪೊಟ್ಟಣಗಳನ್ನು ಹಿಡಿದು ಹೊರಗೆ ಬಂದರು.

“ಹೇಳ್ಬೇಕು,” ಎಂದೆ.

“ಗೇಮ್ ಮುಗೀಲಿ, ನಾನೇ ಹೇಳ್ತೀನಿ,” ಎಂದ ಪ್ರತಾಪ್. “ಗೆದ್ದ ಖುಷೀಲಿರ್ತಾರೆ.”

“ಸೋತ್ರೆ?”

“ಹೆಂಗೂ ಬೇಜಾರಲ್ಲಿರ್ತಾರೆ. ಅದರ ಜೊತೆ ಇದೂ ಹೋಗತ್ತೆ.”

“ನಿಂಗೆ ಬರೀ ಅಲರ್ಜಿ ಇರಬಹುದಮ್ಮ,” ಎಂದರು ಸತ್ಯಣ್ಣ. ಅದನ್ನು ನನಗೆ ಹೇಳಿದಂತಿರಲಿಲ್ಲ. “ಸುಮ್ನೆ ಗಾಬರಿ ಮಾಡಿ, ಆಮೇಲೆ ಏನೂ ಇಲ್ಲ ಅಂತಾದ್ರೆ?”

ಗ್ಯಾರೇಜಿನಿಂದ ಅಂಕಲ್ ಕೂಗಿದರು: “ಬನ್ರೋ! ಶುರುವಾಯ್ತು!”

ನಾವು ಹೋದೆವು. ಈಗ ಬರೆಯುವಾಗ ಇದು ನಂಬಲಾಗದ ಸಂಗತಿಯಂತೆ ಕಾಣುತ್ತದೆ, ಆದರೆ ಹೋದೆವು. ನಾನು ಕುರ್ಚಿಯನ್ನು ಹುಲ್ಲಿನ ಕೊನೆಯವರೆಗೆ ಎಳೆದುಕೊಂಡೆ. “ಅಷ್ಟು ದೂರ ಯಾಕಮ್ಮ, ಕಾಣಿಸುತ್ತಾ?” ಎಂದರು ಅಂಕಲ್. “ಕಾಣತ್ತೆ,” ಎಂದೆ. ಆಟ ನಡೆಯುತ್ತಿತ್ತು, ನನಗೆ ಕಾಣುತ್ತಿದ್ದದ್ದು ಜಾಲರಿ ಬಾಗಿಲೊಂದೇ. ನನಗೆ ರೋಗವಿದೆಯೋ ಇಲ್ಲವೋ? ಇದ್ದರೆ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡ ಅಂಕಲ್‌ಗೆ ಹತ್ತಿತೋ ಇಲ್ಲವೋ? ಹತ್ತಿದ್ದರೂ ಇಷ್ಟು ಬೇಗ ಅವರಿಂದ ಇನ್ನೊಬ್ಬರಿಗೆ ಹೋಗುತ್ತದೋ ಇಲ್ಲವೋ? ಅಥವಾ ಹೋದ ಶನಿವಾರವೇ ಇವರಲ್ಲಿ ಯಾರೋ ತಂದದ್ದು ಇವತ್ತು ನನ್ನ ಮೂಗಿನಲ್ಲಿ ಕೂತಿದೆಯೋ? ಒಂದೊಂದು ಪ್ರಶ್ನೆಯೂ ಹಿಂದಿನದನ್ನು ಅಳಿಸಿಬಿಡುತ್ತಿತ್ತು. ಕಿಟಕಿಯ ಕಡೆ ನೋಡುವ ಧೈರ್ಯವಾಗಲಿಲ್ಲ.

ಆರು ಗಂಟೆಗೆ ಅಂಕಲ್‌ರ ಫೋನಿನಲ್ಲಿ ಅಲಾರಂ ಹೊಡೆಯಿತು. ಕೊನೆಯ ಭಾಗ. ನಾವು ಮೂರು ಅಂಕ ಹಿಂದೆ, ಚೆಂಡು ನಮ್ಮ ಕೈಯಲ್ಲಿ. ಅಂಕಲ್ ಮೊಣಕಾಲು ಹಿಡಿದುಕೊಂಡು ಎದ್ದರು.

“ಅಲಮೇಲು ಮಾತ್ರೆ ಟೈಮ್. ಎರಡು ನಿಮಿಷ. ಏನಾಯ್ತು ಅಂತ ಬಂದಮೇಲೆ ಹೇಳಿ.”

ಪ್ರತಾಪ್ ಟಿವಿಯನ್ನೇ ನೋಡುತ್ತಿದ್ದ. ಸತ್ಯಣ್ಣ ತಮ್ಮ ಬೂಟುಗಳನ್ನು ನೋಡುತ್ತಿದ್ದರು.

“ಅಂಕಲ್, ಒಳಗೆ ಹೋಗ್ಬೇಡಿ,” ಎಂದೆ.

ಅವರು ನಕ್ಕರು. ನಮ್ಮವರ ಕೈಯಲ್ಲಿ ಚೆಂಡಿರುವಾಗ ಎದ್ದು ಹೋದರೆ ಅಪಶಕುನ ಎಂದು ಅವರನ್ನು ಎಷ್ಟೋ ಸಲ ಕೂರಿಸಿದ್ದೆವು. “ಕಿಡ್ನಿ ಟಚ್‌ಡೌನ್‌ಗೆ ಕಾಯಲ್ಲ ಕಣಮ್ಮ,” ಎಂದು ಬಾಗಿಲ ಹಿಡಿಗೆ ಕೈ ಹಾಕಿದರು.

“ಅದಕ್ಕಲ್ಲ ಅಂಕಲ್. ನಂಗೆ ಬೆಳಿಗ್ಗೆಯಿಂದ ಯಾವ ವಾಸನೇನೂ ಬರ್ತಿಲ್ಲ. ಇಂಗೂ ಬಂದಿರ್ಲಿಲ್ಲ. ಬಂತು ಅಂತ ಸುಳ್ಳು ಹೇಳ್ದೆ.”

ಅವರ ಕೈ ಹಿಡಿಯ ಮೇಲೇ ಇತ್ತು. ಮುಖ ಮಾತ್ರ ನನ್ನ ಕಡೆ ತಿರುಗಿತು. ಸಿಟ್ಟಿರಲಿಲ್ಲ. ನಾನು ಯಾವುದೋ ಬೇರೆ ಭಾಷೆಯಲ್ಲಿ ಮಾತಾಡಿದೆನೆಂಬಂತೆ ನೋಡಿದರು.

“ಅವಳೊಬ್ಳೇ ಅಲ್ಲ ಅಂಕಲ್,” ಪ್ರತಾಪ್ ಎದ್ದು ನಿಂತು ತನ್ನದನ್ನು ಹೇಳಿದ. ಸತ್ಯಣ್ಣ ಕೂತಲ್ಲಿಂದಲೇ ತಮ್ಮದನ್ನು ಹೇಳಿದರು, ಒಂದೊಂದು ಪದ ಬಿಟ್ಟು ಬಿಟ್ಟು.

“ಯಾರಿಗೂ ಬರ್ತಿರ್ಲಿಲ್ವಾ?” ಎಂದರು ಅಂಕಲ್.

ಪ್ರತಾಪ್ ಟಿವಿಯ ದನಿ ಅಡಗಿಸಿದ.

ಅವರು ಬಾಗಿಲ ಹಿಡಿ ಬಿಟ್ಟರು. ಮೇಜಿನ ಕೆಳಗಿದ್ದ ಡಬ್ಬಿ ತೆಗೆದು, ಮಾಸ್ಕ್ ಕಳಚಿ, ಮೂಗಿಗೆ ಹಿಡಿದರು. ಆರು ವಾರ ನಮಗೆಲ್ಲ ಹಿಡಿದವರು ತಾವು ಒಂದು ಸಲವೂ ಮೂಸಿದ್ದನ್ನು ನಾನು ನೋಡಿರಲಿಲ್ಲ. ದೀರ್ಘವಾಗಿ ಎಳೆದುಕೊಂಡರು. ಡಬ್ಬಿಯನ್ನು ಅಲ್ಲಾಡಿಸಿ ಮತ್ತೆ ಎಳೆದುಕೊಂಡರು. ನನಗೆ ಮೌನಗಳ ಪರಿಚಯ ಸ್ವಲ್ಪ ಇದೆ ಎಂದುಕೊಂಡಿದ್ದೆ. ಇದು ಯಾವುದೆಂದು ಗೊತ್ತಾಗಲಿಲ್ಲ.

“ಹಳೇದಾಗಿದೆ ಇದು,” ಎಂದರು. ಮುಚ್ಚಳ ಹಾಕುತ್ತ, “ಹಳೇದೇ ಇರ್ಬೇಕು.”

ಅವರ ಜೇಬಿನಲ್ಲಿ ಫೋನ್ ಹೊಡೆದುಕೊಂಡಿತು. ಕಿಟಕಿಯಲ್ಲಿ ಆಂಟಿ ಫೋನ್ ಕಿವಿಗಿಟ್ಟುಕೊಂಡು ನಿಂತಿದ್ದರು. ಅಂಕಲ್ ಸ್ಪೀಕರಿಗೆ ಹಾಕಿದರು.

“ಏನ್ರೀ, ಎಲ್ಲಾ ಯಾಕೆ ಹಾಗೆ ನಿಂತಿದೀರ? ಸೋತ್ರಾ?”

ಅಂಕಲ್ ಹೇಳಿದರು. ಹಿಂದುಮುಂದಾಗಿ ಹೇಳಿದರು, ಮೊದಲು ಪ್ರತಾಪನ ಸೈನಸ್, ಆಮೇಲೆ ನನ್ನ ಸುಳ್ಳು. ಆಂಟಿ ಕೇಳಿದ್ದು ಒಂದೇ.

“ಆ ಡಬ್ಬಿ ಎಲ್ಲಿಂದ ತಗೊಂಡಿದ್ರಿ?”

“ಮೇಲಿನ ಶೆಲ್ಫಿಂದ.”

“ಅದು ನನ್ನ ಆಪರೇಷನ್‌ಗಿಂತ ಮುಂಚಿಂದು.”

“ಹಾಗಾದ್ರೆ ಸರಿಹೋಯ್ತಲ್ಲ!” ಪ್ರತಾಪ್ ಕೈ ತಟ್ಟಿದ. “ಡಬ್ಬೀಲೇ ವಾಸನೆ ಇಲ್ಲ. ಅಂಕಲ್‌ಗೆ ಏನೂ ಆಗಿಲ್ಲ.”

“ಆಗಿಲ್ಲ ಅಂತಲ್ಲ,” ಎಂದೆ. “ಗೊತ್ತಿಲ್ಲ ಅಂತ.”

“ಎಲ್ಲರೂ ಹಿಂದೆ ಹೋಗಿ,” ಎಂದರು ಆಂಟಿ ಫೋನಿನಲ್ಲಿ. ನಾವು ಹುಲ್ಲಿನ ಮೇಲೆ ಸರಿದೆವು. ಅವರು ಅಡುಗೆಗೆ ಬಳಸುತ್ತಿದ್ದ ಇಂಗನ್ನು ತೆಗೆದು, ಗಾಜಿನ ಹಿಂದೆ ನಿಂತು, ತಾವು ಮೊದಲು ಮೂಸಿದರು. “ನಂಗೆ ಚೆನ್ನಾಗಿ ಬರ್ತಿದೆ,” ಎಂದರು. ಆಮೇಲೆ ಬಾಗಿಲನ್ನು ಒಂದು ಗೇಣು ತೆರೆದು, ಪೇಪರ್ ತಟ್ಟೆಯಲ್ಲಿ ಚಿಟಿಕೆಯಷ್ಟು ಹಾಕಿ ಮೆಟ್ಟಿಲ ಮೇಲಿಟ್ಟು, ಮುಚ್ಚಿಕೊಂಡರು.

ಅಂಕಲ್ ಹೋಗಿ ತಟ್ಟೆ ಎತ್ತಿಕೊಂಡರು. ನಮಗೆ ಅವರ ಬೆನ್ನು ಕಾಣುತ್ತಿತ್ತು, ಆಂಟಿಗೆ ಮುಖ.

“ಬಂತು,” ಎಂದರು.

ಮಧ್ಯಾಹ್ನ ನಾನು ಹೇಳಿದ್ದೂ ಅದೇ ವೇಗದಲ್ಲಿ.

“ಇನ್ನೊಂದ್ಸಲ ಮೂಸಿ.”

“ಬಂತು ಅಂದ್ನಲ್ಲೇ.”

ಆಂಟಿ ಅವರನ್ನು ನೋಡುತ್ತ ನಿಂತರು. ನಲವತ್ತು ವರ್ಷ ಒಟ್ಟಿಗೆ ಬಾಳಿದವರು ಒಬ್ಬರ ಮುಖದಲ್ಲೊಬ್ಬರು ಏನು ಓದುತ್ತಾರೋ ನನಗೆ ತಿಳಿಯದು. ಬಾಗಿಲಿಗೆ ಒಳಗಿನಿಂದ ಚಿಲಕ ಬಿದ್ದ ಸದ್ದು ಮಾತ್ರ ಹುಲ್ಲಿನವರೆಗೂ ಕೇಳಿತು.

“ಟೆಸ್ಟ್ ಆಗೋವರೆಗೂ ನೀವು ಮೇಲೆ ಬರ್ಬೇಡಿ,” ಫೋನಿನಲ್ಲಿ ಅವರ ದನಿ ಸ್ವಲ್ಪವೂ ಅಲುಗಲಿಲ್ಲ. “ಹಿಂದಿನ ಬಾಗಿಲಿಂದ ಬೇಸ್‌ಮೆಂಟಿಗೆ ಹೋಗಿ. ಊಟ ಮೆಟ್ಟಿಲ ಮೇಲೆ ಇಡ್ತೀನಿ.”

“ನಿನ್ನ ಮಾತ್ರೆ? ನಾನೇ ಕೊಡ್ಬೇಕಲ್ಲೇ?”

“ನೀವು ಹೇಳಿ, ನಾನು ತಗೋತೀನಿ.”

ಅವರು ತಂದು ಕಿಟಕಿಗೆ ಹಿಡಿದದ್ದನ್ನು ನೋಡಿ ಸತ್ಯಣ್ಣ, “ಅಯ್ಯೋ ದೇವರೇ,” ಎಂದರು. ಅದು ಒಗ್ಗರಣೆ ಡಬ್ಬಿ. ಸಾಸಿವೆ, ಜೀರಿಗೆ, ಮೆಂತ್ಯ ಇರಬೇಕಾದ ಏಳು ಬಟ್ಟಲುಗಳಲ್ಲಿ ಏಳು ಬಗೆಯ ಮಾತ್ರೆ. ಔಷಧಿ ಅಂಗಡಿಯ ಡಬ್ಬಿಗಳನ್ನೆಲ್ಲ ಎಸೆದು, ಕಣ್ಣಳತೆಯಲ್ಲೇ ಆರಿಸಿ ಕೊಡುವುದು ಅಂಕಲ್‌ರ ಪದ್ಧತಿಯಂತೆ. ಲ್ಯಾಬಿನಲ್ಲಿ ಮೂವತ್ತು ವರ್ಷ ಕಳೆದವನಿಗೆ ಲೇಬಲ್ಲು ಯಾಕೆ ಎನ್ನುತ್ತಿದ್ದರಂತೆ.

“ಸಂಜೆಗೆ ನಾಲ್ಕು,” ಎಂದರು ಅಂಕಲ್. “ಮೊದಲು ಬಿಳಿದು, ದುಂಡಗಿರೋದು.”

“ಎರಡು ಬಟ್ಟಲಲ್ಲಿದೆ ಬಿಳಿದು. ಎರಡೂ ದುಂಡಗಿದೆ.”

“ಒಂದು ಬೆಳಿಗ್ಗೆದು. ಒಂದು ಸಂಜೆದು.”

“ಯಾವುದು ಯಾವುದು?”

“ಕೈಗೆ ತಗೊಂಡ್ರೆ ಗೊತ್ತಾಗತ್ತೆ ನಂಗೆ.” ಅವರು ಗಾಜಿನ ಕಡೆ ಒಂದು ಹೆಜ್ಜೆ ಇಟ್ಟು ನಿಂತರು. “ಒಂದ್ರ ಮೇಲೆ ಅಕ್ಷರ ಇರತ್ತೆ. ಎರಡ್ರ ಮೇಲೂ ಇರತ್ತೆ. ಸಂಜೆದ್ರಲ್ಲಿ ಕೊನೆಗೆ ಎಂಟು.”

ಆಂಟಿ ಒಂದನ್ನು ಎರಡು ಬೆರಳ ನಡುವೆ ಹಿಡಿದು, ಕಣ್ಣು ಕಿರಿದು ಮಾಡಿ ನೋಡಿ, ತಲೆಯಾಡಿಸಿದರು. ಅಷ್ಟು ಸಣ್ಣದು ಅವರಿಗೆ ಕಾಣುತ್ತಿರಲಿಲ್ಲ. ಮಾತ್ರೆಯನ್ನು ಗಾಜಿಗೆ ಒತ್ತಿ ಹಿಡಿದರು. ನಾನು ಇದ್ದಲ್ಲಿಂದಲೇ ಫೋನಿನ ಕ್ಯಾಮೆರಾ ತೆರೆದು ದೊಡ್ಡದು ಮಾಡಿದೆ. ಅಷ್ಟು ದೊಡ್ಡದಾದ ಚಿತ್ರ ನಿಲ್ಲದೆ ಜಾರುತ್ತಿತ್ತು. ಆಂಟಿಯ ಉಗುರು, ಬೆರಳ ಗೆರೆ, ನಡುವೆ ಬಿಳಿ ಚುಕ್ಕೆ.

“ಎಂಟು,” ಎಂದೆ.

“ಹರಿಣಿ,” ಎಂದರು ಆಂಟಿ. ಆರು ವಾರದಲ್ಲಿ ಅವರು ನನ್ನ ಹೆಸರು ಹಿಡಿದು ಕರೆದದ್ದು ಅದೇ ಮೊದಲು. “ಎಂಟು ಕಾಣ್ತಿದ್ಯಾ, ಎಂಟು ಅನ್ನಿಸ್ತಿದ್ಯಾ?”

ನಾನು ಮತ್ತೆ ನೋಡಿದೆ. ಆರೂ ಇರಬಹುದಿತ್ತು.

“ಗೊತ್ತಾಗ್ತಿಲ್ಲ ಆಂಟಿ. ಒಂದು ನಿಮಿಷ.”

ಕುರ್ಚಿಯ ಬೆನ್ನಿನ ಮೇಲೆ ಫೋನನ್ನು ಊರಿ, ಉಸಿರು ಬಿಗಿಹಿಡಿದು, ಮೂರು ಫೋಟೋ ತೆಗೆದೆ. ನಾನು ಓದಿ ಹೇಳಲಿಲ್ಲ. ಮೂರನ್ನೂ ಗುಂಪಿಗೆ ಕಳಿಸಿ, “ಒಬ್ಬರಿಗೊಬ್ರು ಹೇಳ್ಬೇಡಿ, ಟೈಪ್ ಮಾಡಿ,” ಎಂದೆ. ಪ್ರತಾಪ್ ಒಂದು ಮೂಲೆಗೆ ತಿರುಗಿದ. ಸತ್ಯಣ್ಣ ಕನ್ನಡಕ ಹಣೆಗೇರಿಸಿ ಫೋನನ್ನು ಮುಖದ ಹತ್ತಿರ ತಂದುಕೊಂಡರು. ಟಿವಿಯಲ್ಲಿ ಯಾರೋ ಓಡುತ್ತಿದ್ದರು, ಯಾರೋ ಬಿದ್ದರು. ಸ್ವಲ್ಪ ಹೊತ್ತಿಗೆ ಎರಡು ಅಂಕಿ ಒಂದರ ಕೆಳಗೊಂದು ಬಂದವು. 8. 8. ನಾನು ಚಿತ್ರವನ್ನು ದೊಡ್ಡದು ಮಾಡಿ ಕೊನೆಯ ಸಲ ನೋಡಿದೆ. ಕೆಳಗೊಂದು ಸುತ್ತು, ಮೇಲೊಂದು ಸುತ್ತು, ಎರಡೂ ಮುಚ್ಚಿದ್ದವು.

“ಕಾಣ್ತಿದೆ ಆಂಟಿ. ಎಂಟು.”

ಅವರು ಅಂಕಲ್ ಕಡೆ ನೋಡಲಿಲ್ಲ. ಮಾತ್ರೆಯನ್ನು ನಾಲಿಗೆಯ ಮೇಲಿಟ್ಟು ನೀರು ಕುಡಿದರು. ಅದು ಗಂಟಲಿನಲ್ಲಿ ಇಳಿಯುವವರೆಗೂ ನಾವು ನಾಲ್ವರೂ ನೋಡುತ್ತ ನಿಂತಿದ್ದೆವು.

“ಇನ್ನು ಮೂರು,” ಎಂದು ಆಂಟಿ ಇನ್ನೊಂದು ಬಟ್ಟಲಿಗೆ ಬೆರಳು ಹಾಕಿದರು. ನಾನು ಫೋನನ್ನು ಮತ್ತೆ ಕುರ್ಚಿಯ ಬೆನ್ನಿಗೆ ಊರಿದೆ.